ಹಾಲಿನ ಕಿಂಡಿ

ಮೊನ್ನೆ ಕಿಟಕಿ ಬದಲಿಸಲು ಬಂದವನು ನಮ್ಮ ಅಡುಗೆಮನೆ ಗೋಡೆಯ ಪುಟ್ಟ ಬಾಗಿಲನ್ನು ತಟ್ಟಿ, "ಚಳಿಗಾಳಿ ಇಲ್ಲಿಂದಲೇ ಬರ್ತಿದೆ, ಮುಚ್ಚಿಬಿಡಲೇ?" ಎಂದ. ನಾಳೆ ಹೇಳುತ್ತೇನೆ ಎಂದೆ. ನನ್ನ ತೀರ್ಮಾನಗಳೆಲ್ಲ ನಾಳೆಯವೇ.

ಫಾರ್ಮಿಂಗ್ಟನ್ ಹಿಲ್ಸ್‌ನ ನಮ್ಮ ಸಾಲಿನ ಹಳೆಯ ಮನೆಗಳಿಗೆಲ್ಲ ಇಂಥದೊಂದು ಕಿಂಡಿಯಿದೆ. ಹೊರಗೊಂದು ಬಾಗಿಲು, ಒಳಗೊಂದು, ನಡುವೆ ಎರಡು ಸೀಸೆಯಷ್ಟು ಜಾಗ. ಹಿಂದೆ ಹಾಲಿನವನು ಹೊರಗಿನಿಂದ ಇಟ್ಟರೆ ಮನೆಯಾಕೆ ಒಳಗಿನಿಂದ ತೆಗೆದುಕೊಳ್ಳುತ್ತಿದ್ದಳಂತೆ. ನಾನು ಅಲ್ಲಿ ಈರುಳ್ಳಿ ಇಡುತ್ತಿದ್ದೆ.

ಆಗ ಪಕ್ಕದ ಮನೆಯಲ್ಲಿದ್ದ ಲುರ್ದೆಸ್ ಆಂಟಿ ಪೋರ್ಚುಗಲ್‌ನ ಬೆಟ್ಟದೂರಿನವರು, ಎಂಬತ್ತರ ಒಂಟಿ ಜೀವ. ಧಾರವಾಡದ ಕಾನ್ವೆಂಟಿನಲ್ಲಿ ಓದಿದ ನನಗೆ ಆ ಹೆಸರು ಹೊಸದಲ್ಲ. ಶಾಲೆಯಂಗಳದ ಕಲ್ಲುಗವಿಯಲ್ಲಿ ನಿಂತಿದ್ದ ಮಾತೆಯ ಪ್ರತಿಮೆಗೂ ಅದೇ ಹೆಸರು. ಸ್ನೇಹ ಕುದುರಿದ್ದು ಮಾತ್ರ ಒಂದು ಶಬ್ದದಿಂದ. ನಮ್ಮವರು ಕಾರಿನ ಬಳಿ ನಿಂತು "ಏ, ಚಾವಿ ಎಲ್ಲಿಟ್ಟಿ?" ಎಂದು ಕೂಗಿದಾಗ, ಹಿಮ ಗುಡಿಸುತ್ತಿದ್ದ ಆಂಟಿ ತಿರುಗಿದರು.

"ಚಾವಿ? ಅದು ನಮ್ಮ ಪೋರ್ಚುಗೀಸ್ ಮಾತು! ಯಾವಾಗ ಕದ್ದಿರಿ?"

"ಕದ್ದಿದ್ದಲ್ಲ ಆಂಟಿ, ನಿಮ್ಮವರೇ ಬಿಟ್ಟುಹೋಗಿದ್ದು."

ಮೇಜು, ಸಾಬೂನು, ಬಟಾಟೆ ಎಂದು ಇಬ್ಬರೂ ಬೇಲಿಯ ಎರಡು ಬದಿ ನಿಂತು ಕೈ ಮರಗಟ್ಟುವವರೆಗೆ ಇಂಥ ಶಬ್ದಗಳನ್ನು ಹುಡುಕಿದೆವು.

ಹಾಗೆ ನಿಂತಾಗಲೆಲ್ಲ ಆಕೆ ತಮ್ಮೂರನ್ನು ಕಟ್ಟಿಕೊಡುತ್ತಿದ್ದರು: ಚೌಕದ ಕಾರಂಜಿ, ಭಾನುವಾರದ ಅಪಸ್ವರದ ಬ್ಯಾಂಡು, ಗೋಡೆಗೆಲ್ಲ ನೀಲಿ ಬಿಲ್ಲೆ ಹಚ್ಚಿದ ದಯಾಮನೆ. ಅಲ್ಲಿ ಊರೂರಿಗೂ ಒಂದು ದಯಾಮನೆಯಂತೆ. ಬಡವರ ಗಂಜಿ, ಔಷಧಿ, ಕೊನೆಗೆ ದಿಕ್ಕಿಲ್ಲದವರ ಮಣ್ಣು ಕೂಡ ಅದರ ಪಾಲು. ಅದರ ಗೋಡೆಯಲ್ಲಿ ತಿರುಗುವ ಮರದ ಪೆಟ್ಟಿಗೆ, 'ರೋದಾ', ಎಂದರೆ ಚಕ್ರ. ಹೊರಗಿನವರು ಇಟ್ಟು ತಿರುಗಿಸಿದ್ದು ಒಳಗಿನವರ ಕೈಗೆ. ಯಾರ ಮುಖವೂ ಯಾರಿಗೂ ಕಾಣದು.

ಆ ಚಳಿಗಾಲ ಇಲ್ಲಿನ ಕಾರು ಕಂಪನಿಗಳು ಸಾಲಾಗಿ ಜನರನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿದವು. ನಮ್ಮವರೂ ಮನೆಗೆ ಬಂದರು. ಯಾರಿಗೂ ತಿಳಿಯಬಾರದೆಂಬುದೇ ನನ್ನ ಚಿಂತೆ. ಕೇಳಿದವರಿಗೆಲ್ಲ, "ಈಗ ವರ್ಕ್ ಫ್ರಮ್ ಹೋಮ್ ಕೊಟ್ಟಾರ್ರೀ" ಎನ್ನುತ್ತಿದ್ದೆ.

ಒಂದು ಬೆಳಿಗ್ಗೆ ಈರುಳ್ಳಿಗೆಂದು ಕಿಂಡಿ ತೆರೆದರೆ ಡಬ್ಬಿಯಲ್ಲಿ ಬಿಸಿ ಎಲೆಕೋಸಿನ ಸೂಪು, ಜೊತೆಗೆ ಮೆಕ್ಕೆಜೋಳದ ಬ್ರೆಡ್ಡು. ಆಂಟಿಯ ಡಬ್ಬಿ ಖಾಲಿ ಕೊಡುವುದುಂಟೇ? ಉಪ್ಪಿಟ್ಟು ತುಂಬಿ ಅವರ ಗೋಡೆಯ ಕಿಂಡಿಯಲ್ಲಿಟ್ಟೆ. ಮುಂದಿನ ವಾರ ಚಿತ್ರಾನ್ನ. ಪದ್ಧತಿಯೆಂದು ನನಗೆ ನಾನೇ ಹೇಳಿಕೊಂಡರೂ, ನಾವು ಕೈಚಾಚುವವರಲ್ಲ ಎಂಬ ಜಂಬವೇ ಅದರಲ್ಲಿ ಹೆಚ್ಚು. ಮೂರನೆಯ ಸಲ ಆಂಟಿ ಡಬ್ಬಿ ಹಿಡಿದು ಮುಂಬಾಗಿಲಿಗೇ ಬಂದರು.

"ಇದೇನು?"

"ನಮ್ಮಲ್ಲಿ ಡಬ್ಬಿ ಖಾಲಿ ಕೊಡಬಾರದು."

"ನನ್ನ ಮುತ್ತಜ್ಜಿ ದಯಾಮನೆಯ ಆ ಚಕ್ರದಲ್ಲಿ ಬಂದವಳು. ಒಂದು ದಿನದ ಕೂಸು. ಅವಳು ಏನು ತುಂಬಿ ಕೊಡಬೇಕಿತ್ತು?"

ಒಳಗೆ ಕರೆದು ಕೂರಿಸಿ, ಕೆಲಸ ಹೋದದ್ದನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದೆ.

"ಗೊತ್ತು. ಹತ್ತು ಗಂಟೆಗೂ ಕಾರು ಡ್ರೈವ್‌ವೇನಲ್ಲೇ ಇರುತ್ತಲ್ಲ," ಎಂದರು.

ನಮ್ಮವರಿಗೆ ಮತ್ತೆ ಕೆಲಸ ಸಿಗುವವರೆಗೂ ಸೂಪು ಬಂತು. ಪ್ರತಿಸಲ ಡಬ್ಬಿ ತೊಳೆದು ಖಾಲಿಯೇ ಹಿಂದಿರುಗಿಸಿದೆ. ಉಪ್ಪಿಟ್ಟು ಮಾಡುವುದಕ್ಕಿಂತ ಅದು ಕಷ್ಟದ ಕೆಲಸವಾಗಿತ್ತು.

ಆಂಟಿ ತೀರಿಕೊಂಡು ವರ್ಷಗಳಾದವು. ಆ ಮನೆಯಲ್ಲೀಗ ಮೈಸೂರಿನ ಎಳೆಯ ದಂಪತಿ. ಎರಡು ವಾರದಿಂದ ಅವರ ಕಾರು ಹತ್ತು ಗಂಟೆಗೂ ಅಲ್ಲೇ ಇದೆ. "ಎಲ್ಲಾ ಆರಾಮ್ ಆಂಟಿ, ವರ್ಕ್ ಫ್ರಮ್ ಹೋಮ್," ಎಂದಳು ಹುಡುಗಿ.

ಇಂದು ಕೆಲಸದವನಿಗೆ ಫೋನ್ ಮಾಡಿ ಕಿಂಡಿ ಹಾಗೇ ಇರಲಿ ಎಂದೆ. ಆಮೇಲೆ ಬಿಸಿ ಚಿತ್ರಾನ್ನವನ್ನು ಅವರ ಗೋಡೆಯ ಕಿಂಡಿಯಲ್ಲಿಟ್ಟು ಬಂದೆ. ಸ್ಟೀಲಿನ ಡಬ್ಬಿಯಲ್ಲಲ್ಲ, ಅಂಗಡಿಯ ಮೊಸರಿನ ಡಬ್ಬಿಯಲ್ಲಿ. ಅದನ್ನು ಯಾರೂ ಹಿಂದಿರುಗಿಸಬೇಕಾಗಿಲ್ಲ.