ಸಾಲಿನ ಕೊನೆಗೆ ಬಸಲಿಂಗವ್ವ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಸ್ಯಾನ್ ಬರ್ನಾರ್ಡಿನೋ ಬೆಟ್ಟದ ಬುಡದ ಪಾರ್ಕಿಂಗ್ ಜಾಗದಲ್ಲಿ ಬಸಲಿಂಗವ್ವ ಒಬ್ಬೊಬ್ಬರ ಬ್ಯಾಗನ್ನೂ ಎತ್ತಿ ನೋಡುತ್ತಿದ್ದಾರೆ. ಚೂಡಿದಾರದ ಮೇಲೆ ಗಂಡನ ಫ್ಯಾಕ್ಟರಿ ಜಾಕೆಟ್, ತಲೆಗೆ ಬಿಗಿದ ಸ್ಕಾರ್ಫು. ಒಂದು ಬ್ಯಾಗಿನಿಂದ ಪುಳಿಯೋಗರೆಯ ಸ್ಟೀಲ್ ಡಬ್ಬಿ, ಮೊಸರನ್ನದ ಡಬ್ಬಿ, ಕೋಡುಬಳೆಯ ಪೊಟ್ಟಣ ಹೊರಬರುತ್ತವೆ. ನೀರು ಮಾತ್ರ ಅಂಗೈಯುದ್ದದ ಒಂದೇ ಬಾಟಲಿ.

“ಕೆರಿ ನೋಡಾಕ ಹೊಂಟೀರೋ, ಬೀಗರ ಮನಿಗೋ?” ಎನ್ನುತ್ತಾರೆ ಬಸಲಿಂಗವ್ವ. ನಗು ಏಳುತ್ತದೆ. ದೊಡ್ಡ ಡಬ್ಬಿ ಕಾರಿನ ಡಿಕ್ಕಿಗೆ ಹೋಗುತ್ತದೆ, ಅದರ ಜಾಗಕ್ಕೆ ಎರಡು ಬಾಟಲಿ ನೀರು ಬರುತ್ತದೆ.

ಬೇಸಿಗೆಗೊಮ್ಮೆ ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೊ ಕಡೆಯ ಕನ್ನಡದ ಮನೆಗಳವರು ಸೇರಿ ಈ ಬೆಟ್ಟದ ನೆತ್ತಿಯ ಕೆರೆಗೆ ನಡೆಯುತ್ತಾರೆ. ಮುಂದೆ ನಡೆಯುವ ಉದಯಶಂಕರ ಎಲ್ಲರಿಗೂ ಗೊತ್ತು; ಪರ್ಮಿಟ್ ಅವರದು, ನಕ್ಷೆ ಅವರದು, ಫೋಟೋದ ನಡುವಿನ ಜಾಗವೂ ಅವರದೇ. ಸಾಲಿನ ಕಟ್ಟಕಡೆಗೆ ಒಬ್ಬರು ನಡೆಯುತ್ತಾರೆ, ಯಾರೂ ಅವರ ಹಿಂದೆ ಉಳಿಯಬಾರದು. ಆ ಕೆಲಸ ಬಸಲಿಂಗವ್ವನವರದು. ಸುಸ್ತಾದವರ ಜೊತೆ ಕೂರಬೇಕು, ಆಗದವರನ್ನು ಕರೆದುಕೊಂಡು ವಾಪಸ್ ಇಳಿಯಬೇಕು.

ಊರು ಗುಳೇದಗುಡ್ಡ. ಈಗ ಲಾಸ್ ಏಂಜಲೀಸ್ ಪಕ್ಕದ ಟೊರೆನ್ಸಿನಲ್ಲಿ, ಕೆಲಸಕ್ಕೆ ಹೋಗುವ ಅಪ್ಪ ಅಮ್ಮಂದಿರ ಕೂಸುಗಳನ್ನು ತಮ್ಮ ಮನೆಯಲ್ಲೇ ನೋಡಿಕೊಳ್ಳುತ್ತಾರೆ. ಕೆಲವರು ಏಳಕ್ಕೇ ತಂದು ಬಿಡುತ್ತಾರೆ. ಟ್ರಾಫಿಕ್ಕಿನಲ್ಲಿ ಸಿಕ್ಕವರು ಬಂದು ಒಯ್ಯುವಾಗ ದೀಪ ಹಚ್ಚುವ ಹೊತ್ತು ಮೀರಿರುತ್ತದೆ. ಎತ್ತಿ ಆಡಿಸಿ ಸೊಂಟ ಹಿಡಿದಿದೆ. ಆದರೂ ಶನಿವಾರ ಇಲ್ಲಿ. “ವಾರ ಪೂರ್ತಿ ಮಕ್ಕಳ ಹಿಂದ ಓಡತೀನ್ರಿ, ಇವತ್ತು ದೊಡ್ಡವರ ಹಿಂದ ನಡೀತೀನಿ. ದೊಡ್ಡವರು ಮಾತು ಕೇಳೂದಿಲ್ಲ, ಅಷ್ಟ ಫರಕ್.”

ಇದು ಐದನೇ ಸಲ. ಇಷ್ಟಾಗಿಯೂ ಅವರು ಕೆರೆ ಕಂಡಿಲ್ಲ. ಮೊದಲ ವರ್ಷ ಯಾರದೋ ಕಾಲು ಉಳುಕಿತು, ಇನ್ನೊಂದು ವರ್ಷ ಯಾರಿಗೋ ತಲೆ ಸುತ್ತಿತು. ಹೋದ ವರ್ಷ ಗುಂಪಿನ ರಮ್ಯಶ್ರೀಯ ಬೆನ್ನ ಮೇಲಿದ್ದ ಕೂಸು ಅಳು ನಿಲ್ಲಿಸಲಿಲ್ಲ. ಪ್ರತಿ ಸಲವೂ ಅರ್ಧಕ್ಕೇ ತಿರುಗಿದ್ದಾರೆ. ಮನೆಯಲ್ಲಿ ಗಂಡ ಗುರುಬಸಪ್ಪನವರದು ಕುಚೋದ್ಯ: “ಅಲ್ಲಿ ಖರೇನ ಕೆರಿ ಐತೋ ಇಲ್ಲೋ, ಈ ಸಲರೆ ಖಾತ್ರಿ ಮಾಡ್ಕೊಂಡು ಬಾ!” ಬಸಲಿಂಗವ್ವ ನಗುತ್ತಾರೆ. “ಫೋಟೋದಾಗ ನೋಡೀನ್ರಿ” ಎನ್ನುತ್ತಾರೆ. “ಆದ್ರೂ ಒಮ್ಮೆ ಕಣ್ಣಾರೆ ನೋಡಬೇಕ್ರಿ.”

ದಾರಿ ಪೈನ್ ಮರಗಳ ನಡುವೆ ಏರುತ್ತದೆ. ಇವತ್ತು ಹಿಂದುಳಿದವರು ಸ್ಯಾನ್ ಡಿಯೇಗೊ ಹತ್ತಿರದ ಪೊವೇಯ ಸ್ವರ್ಣಲತಾ. ಅಕೌಂಟ್ಸ್ ಕೆಲಸ, ವರ್ಷವಿಡೀ ಕುರ್ಚಿಯಲ್ಲಿ ಕೂತ ಮೈ. ಎತ್ತರಕ್ಕೆ ಉಸಿರು ಸಾಲುತ್ತಿಲ್ಲ. ಕೊನೆಯ ಏರಿನ ನೆತ್ತಿಯಲ್ಲಿ ಒಂದು ಬಂಡೆ ಸಿಕ್ಕಿದ್ದೇ ಕೂತುಬಿಡುತ್ತಾರೆ. “ನನಗಿನ್ನು ಆಗುದಿಲ್ಲ ಮಾರಾಯ್ರೆ. ಕೆರೆ ಇಲ್ಲಿಗೇ ಬರುದಾದ್ರೆ ಬರ್ಲಿ.”

“ಬಿಡ್ರಿ ಅಕ್ಕಾರ, ನೀರು ಕುಡೀರಿ. ದಣಿವಾರಿಸ್ಕೊಂಡು ಹೊಳ್ಳಿ ಹೋಗೂಣು.”

ಅಷ್ಟರಲ್ಲಿ ಮುಂದಿನ ಮರಗಳಾಚೆಯಿಂದ ಮಾತು, ನಗು. ಕೆರೆ ನೋಡಿದವರು ತಿರುಗಿ ಬರುತ್ತಿದ್ದಾರೆ. ಮಧ್ಯಾಹ್ನ ಗುಡುಗು ಏಳುವ ಬೆಟ್ಟವಿದು. ಒಂದು ಗಂಟೆಗೆ ಎಲ್ಲರೂ ತಿರುಗಬೇಕೆಂಬುದು ಉದಯಶಂಕರರ ಕಟ್ಟಪ್ಪಣೆ. ಗುಂಪಿನಲ್ಲಿದ್ದ ರಮ್ಯಶ್ರೀ ಬಂಡೆಯ ಹತ್ತಿರ ನಿಲ್ಲುತ್ತಾಳೆ.

“ಆಂಟಿ, ನೀವು ಹೋಗಿ ಬನ್ನಿ. ಇವರ ಜೊತೆ ನಾನು ಕೂತಿರ್ತೀನಿ.”

“ಏ, ಬ್ಯಾಡವಾ. ನನ್ನ ಕೆಲಸ ನಿನಗ್ಯಾಕ?”

“ಹೋದ ವರ್ಷ ನನ್ನಿಂದಾಗಿ ನಿಮಗೆ ಕೆರೆ ತಪ್ತು. ಈ ವರ್ಷಾನೂ ತಪ್ಪಿದ್ರೆ ನನಗೆ ಊಟ ಸೇರಲ್ಲ. ಉದಯಣ್ಣಾ, ಹೇಳಿ ಸ್ವಲ್ಪ!”

ಉದಯಶಂಕರ ಆಕಾಶ ನೋಡುತ್ತಾರೆ. ಎಲ್ಲೂ ಮೋಡವಿಲ್ಲ. “ಅರ್ಧ ಗಂಟೆ. ಆಮೇಲೆ ಎಲ್ಲರೂ ಇಳೀಬೇಕು.”

ಬಸಲಿಂಗವ್ವ, ಹಿಂದೆ ಯಾರೂ ಉಳಿದಿಲ್ಲ ತಾನೆ ಎಂದು ಎರಡು ಸಲ ತಿರುಗಿ ನೋಡಿ ಮರಗಳಾಚೆ ಮರೆಯಾಗುತ್ತಾರೆ. ತುಸು ಹೊತ್ತಿಗೇ ವಾಪಸ್, ಏದುಸಿರು ಬಿಡುತ್ತಾ.

“ಇಷ್ಟು ಬೇಗ ನೋಡಿ ಆಯ್ತಾ?” ಎನ್ನುತ್ತಾರೆ ಸ್ವರ್ಣಲತಾ.

“ಎಲ್ಲಿ ನೋಡೀನ್ರಿ? ಗಿಡದಾಚಿಂದ ನೀರು ಕಾಣಿಸ್ತು, ತಿರುಗಿ ಬಂದೆ. ಏರು ಇಲ್ಲಿಗೇ ಮುಗದೈತ್ರಿ ಅಕ್ಕಾರ! ಮುಂದ ಬರೇ ಬಯಲು. ಇಷ್ಟು ಬಂದು ಬಿಟ್ಟು ಹೋಗೂದಾ? ಏಳ್ರಿ, ಕೈ ಕೊಡ್ರಿ.”

ಒಂದು ಕೈ ರಮ್ಯಶ್ರೀ, ಇನ್ನೊಂದು ಬಸಲಿಂಗವ್ವ. ಕೂತು, ಎದ್ದು, ಬೈದುಕೊಂಡು, ಮೂವರೂ ಕೆರೆಯ ದಂಡೆ ತಲುಪುತ್ತಾರೆ. ಆಚೆ ಬಂಡೆಗಳ ಸಂದಿಯಲ್ಲಿ ಕರಗದೆ ಉಳಿದ ಹಿಮ, ಈಚೆ ಅಲುಗದ ನೀರು. ಗುಳೇದಗುಡ್ಡದಲ್ಲಿ ಅಪ್ಪ ನೂಲು ಅದ್ದುತ್ತಿದ್ದ ನೀಲಿ ಬಣ್ಣದ ಬಾನಿಯ ಹಾಗೇ ಇದೆ ಎನಿಸುತ್ತದೆ ಬಸಲಿಂಗವ್ವನವರಿಗೆ. ಬೂಟು ಕಳಚಿ ಕಾಲಿಟ್ಟವರು “ಅಯ್ಯಯ್ಯ!” ಎಂದು ಎಳೆದುಕೊಳ್ಳುತ್ತಾರೆ, ಮತ್ತೆ ಇಡುತ್ತಾರೆ. ಸ್ವರ್ಣಲತಾ ನೀರು ನೋಡುತ್ತಾ ಕಣ್ಣೊರೆಸಿಕೊಳ್ಳುತ್ತಾರೆ. ಡಬ್ಬಿ ಬಿಚ್ಚಿ ಎರಡು ತುತ್ತು ತಿನ್ನುವುದರೊಳಗೆ ಬಂಡೆಯ ಕಡೆಯಿಂದ ಉದಯಶಂಕರರ ಸೀಟಿ ಕೇಳಿಸುತ್ತದೆ.

ಇಳಿಯುವಾಗಲೂ ಬಸಲಿಂಗವ್ವನವರೇ ಕೊನೆ. ಇಷ್ಟು ವರ್ಷದ ದುಡಿಮೆಗೆ ಏನು ಬೇಕು ಎಂದರೆ ಅವರು ಬಹಳ ಯೋಚಿಸುವುದಿಲ್ಲ.

“ನನಗೇನು ಬ್ಯಾಡ್ರಿ. ಬರೂ ವರ್ಷ ಒಂದು ತಾಸು ಮೊದಲ ಹೊರಡಸು ಅಂತ ಆ ಉದಯಶಂಕರಗ ಹೇಳ್ರಿ. ಹಿಂದ ಬರವರಿಗೂ ದಂಡಿ ಮ್ಯಾಲ ಕುಂತು ಹೊಟ್ಟಿತುಂಬ ಉಣ್ಣಾಕ ಟೈಮ್ ಸಿಗಬೇಕಲ್ರಿ.”