ನಿಂತವನ ಅಳತೆಯ ಹ್ಯಾಂಡಲ್

ನನ್ನ ಮೋಟಾರ್ ಸೈಕಲ್ಲಿನ ಹ್ಯಾಂಡಲ್ ಮುರಿದದ್ದು ಕಮಲಾಪುರದ ಹತ್ತಿರ ಹಳ್ಳ ದಾಟುವಾಗ ಎಂದು ಡೈರಿಯಲ್ಲಿದೆ. ಹಳ್ಳದಲ್ಲಲ್ಲ, ದಾಟಿದ ಮೇಲೆ ಒಂದು ಎಮ್ಮೆಯನ್ನು ತಪ್ಪಿಸಲು ಹೋಗಿ ಎಂದು ಹೆಂಡತಿ ಹೇಳುತ್ತಾಳೆ. ಅವಳು ಅಲ್ಲಿರಲಿಲ್ಲ. ಆದರೂ ಈಗ ನನಗೆ ಆ ಎಮ್ಮೆ ಚೆನ್ನಾಗಿ ನೆನಪಿದೆ, ಒಂದು ಕೊಂಬು ಕೆಳಕ್ಕೆ ಬಾಗಿದ್ದು ಸಹ. ನಾನು ಹೈದರಾಬಾದಿನಲ್ಲಿ ಇತಿಹಾಸ ಓದಿ ಬಿ.ಎ. ಮಾಡಿದವನು. ಇಂಥ ಎಮ್ಮೆಗಳ ವಿಷಯದಲ್ಲಿ ಎಚ್ಚರವಾಗಿರಬೇಕೆಂದು ಅಲ್ಲಿ ಕಲಿಸಿದ್ದರು.

ಆಗ ನಿಜಾಮರ ಸರ್ಕಾರದ ಮೋಜಣಿ ಇಲಾಖೆಯಲ್ಲಿ ನನಗೆ ನೌಕರಿ. ಹೊಲಗಳ ಅಳತೆ ಸರಿಯಾಗಿದೆಯೇ ಎಂದು ಊರೂರು ತಿರುಗಿ ನೋಡುವುದು ನನ್ನ ಕೆಲಸ. ಆ ದೌರೆಗಾಗಿಯೇ ವಿಲಾಯತಿಗೆ ಮರಳುತ್ತಿದ್ದ ಒಬ್ಬ ಇಂಜಿನಿಯರನಿಂದ ಈ ಹಳೆಯ ಗಾಡಿಯನ್ನು ಕೊಂಡಿದ್ದೆ. ಅಂದು ಮಾತ್ರ ದೌರೆಯ ಮೇಲಿರಲಿಲ್ಲ. ಕಲಬುರಗಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ನನ್ನ ಹೆಂಡತಿಗೆ ಕಲಿಸುವ ಕೆಲಸ ಸಿಕ್ಕಿತ್ತು. ಹುಕುಮು ಗುರುವಾರ ಸಂಜೆ ಕಲಬುರಗಿಯ ನಮ್ಮ ಮನೆಗೆ ಬಂತು. ಶನಿವಾರ ಬೆಳಿಗ್ಗೆ ಹತ್ತು ಗಂಟೆಯೊಳಗೆ ಹಾಜರಾಗದಿದ್ದರೆ ಆ ಜಾಗ ಇನ್ನೊಬ್ಬರಿಗೆ ಹೋಗುತ್ತದೆಂದು ಅದರಲ್ಲಿ ಬರೆದಿತ್ತು. ಹೆಂಡತಿ ಕಮಲಾಪುರದ ತವರಿನಲ್ಲಿದ್ದಳು. ಶುಕ್ರವಾರ ಸರ್ಕಾರಿ ರಜೆ. ಅವಳನ್ನು ಕರೆತರಲು ಹೊರಟೆ, ಕೊನೆಯ ಒಂದು ಮೈಲಿ ಗಾಡಿಯನ್ನು ತಳ್ಳಿಕೊಂಡು ಹೋಗಿ ಮುಟ್ಟಿದೆ.

ಮಾವನವರು ಮುರಿದ ಹ್ಯಾಂಡಲನ್ನು ಕಟ್ಟೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಮಗಳ ನೌಕರಿ ಅವರಿಗೆ ಮೊದಲಿಂದಲೂ ಬೇಡವಾಗಿತ್ತು.

"ಗಾಡಿಗೇ ಮನಸಿಲ್ಲ. ನೀವ್ಯಾಕ ಹಟ ಹಿಡೀತೀರಿ, ಅಳಿಯಂದ್ರ?" ಎಂದರು. "ಕಲಬುರಗ್ಯಾಗ ಹುಡುಗೀರಿಗಿ ಅಕ್ಷರ ಹೇಳೋರು ಬ್ಯಾರೆ ಯಾರೂ ಇಲ್ಲೇನು?"

"ಬಂಡಿ ಕಟ್ಟಿಸಿ ಕೊಡ್ರಿ, ಯಪ್ಪಾ," ಎಂದಳು ಹೆಂಡತಿ.

"ಎತ್ತು ಬಿತ್ತಾಕ ಹೋಗ್ಯಾವ, ಅವ್ವಾ."

ಎತ್ತುಗಳು ನಿಜವಾಗಿಯೂ ಬಿತ್ತಲು ಹೋಗಿದ್ದವು. ಬಸ್ಸು ಆ ದಿನದ್ದು ಹೋಗಿಯಾಗಿತ್ತು, ಮರುದಿನದ್ದು ಮಧ್ಯಾಹ್ನಕ್ಕೆ ಬರುವಂಥದ್ದು. ಹೆಂಡತಿ ಒಳಗೆ ಹೋದಳು. ಕಬ್ಬಿಣ ಬಡಿಯುವ ಸದ್ದು ಕೇಳಿತು. ಮಂಚದ ಕಾಲುಕಡೆಯ ಕಬ್ಬಿಣದ ಕೊಳವೆಯನ್ನು ಕಿತ್ತುಕೊಂಡು ಹೊರಗೆ ಬಂದಳು. ನಾನು ಬಂದಾಗ ಮಲಗಲೆಂದು ಮಾವನವರು ಹೈದರಾಬಾದಿನಿಂದ ತರಿಸಿದ್ದ ಮಂಚ ಅದು. ಬೇರೆ ಯಾರೂ ಅದರ ಮೇಲೆ ಕೂಡುತ್ತಿರಲಿಲ್ಲ.

"ಅದು ಅಳಿಯಂದ್ರ ಮಂಚ!" ಎಂದರು ಮಾವ.

"ಗಾಡೀನೂ ಅಳಿಯಂದ್ರದೇ ಅದ, ಬಿಡ್ರಿ."

ಕಂಬಾರನ ಕುಲುಮೆ ಅದೇ ಓಣಿಯಲ್ಲಿತ್ತು. ಅವನು ಕೊಳವೆಯ ಒಂದು ಬಾಯಿ ಮುಚ್ಚಿ, ಒಳಗೆ ಒಣ ಉಸುಕು ತುಂಬಿ, ಇನ್ನೊಂದು ಬಾಯಿಗೆ ಗೂಟ ಬಡಿದ. "ಉಸುಕು ತುಂಬದಿದ್ರ ಬಗ್ಗಿಸಿದಲ್ಲೇ ಚಪ್ಪಟಿ ಆಗ್ತದ್ರಿ," ಎಂದು ಹೇಳಿದ. ಮೋಟಾರ್ ಸೈಕಲ್ಲನ್ನು ಅವನು ಮುಟ್ಟಿದ್ದು ಅದೇ ಮೊದಲು, ಆದರೆ ನೇಗಿಲು ಕುಂಟೆಗಳ ಕೆಲಸದಲ್ಲಿ ಕೂದಲು ಹಣ್ಣಾಗಿತ್ತು. ಹಿಡಿಗಳ ರಬ್ಬರು ಹಳ್ಳದ ಕಡೆಯೇ ಎಲ್ಲೋ ಉಳಿದಿತ್ತು. ಅದಕ್ಕೆ ಬದಲು ಜಾಲಿ ಕಟ್ಟಿಗೆಯ ಎರಡು ತುಂಡುಗಳನ್ನು ಕೆತ್ತಿ, ಕಾದ ಸಲಾಕೆಯಿಂದ ತೂತು ಸುಟ್ಟು, ಕುಡುಗೋಲಿಗೆ ಹಿಡಿ ಕೂರಿಸಿದಂತೆ ಕೂರಿಸುವುದಾಗಿ ಹೇಳಿದ.

"ಗಾಡಿ ಮ್ಯಾಲ ಕುಂದ್ರಿ ಸಾಹೇಬ್ರ, ಅಳತಿ ತಗೋತೀನಿ."

ಮಾವನವರು ಎದುರಿಗೇ ಬೇವಿನ ಮರದ ಕೆಳಗೆ ನಿಂತಿದ್ದರು. ನಮ್ಮಲ್ಲಿ ಅಳಿಯನಾದವನು ಮಾವನೆದುರು ಎರಡೂ ಕಡೆ ಕಾಲು ಚಾಚಿ ಸವಾರಿ ಕೂಡುವುದಿಲ್ಲ. ಕುದುರೆಯಲ್ಲಿ ಬಂದವರೂ ಮಾವನ ಓಣಿ ಸಿಕ್ಕರೆ ಇಳಿದು ನಡೆಯುತ್ತಿದ್ದರು. ನಾನೂ ಆ ಓಣಿಯಲ್ಲಿ ಗಾಡಿಯನ್ನು ಯಾವಾಗಲೂ ತಳ್ಳಿಕೊಂಡೇ ಹೋಗುತ್ತಿದ್ದೆ.

"ಹಿಂಗೇ ತಗೋ," ಎಂದು ಗಾಡಿಯ ಪಕ್ಕದಲ್ಲಿ ನಿಂತು ಎರಡೂ ಮುಷ್ಟಿಗಳನ್ನು ಎದೆಯ ಮಟ್ಟಕ್ಕೆ ಹಿಡಿದೆ.

ಕಂಬಾರನಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ನೇಗಿಲಿನ ಹಿಡಿಯ ಅಳತೆಯನ್ನು ರೈತನನ್ನು ನಿಲ್ಲಿಸಿಯೇ ತೆಗೆಯುತ್ತಾರೆ. ದಾರ ಹಿಡಿದು ನೆಲದಿಂದ ನನ್ನ ಮುಷ್ಟಿಯ ತನಕ ಅಳೆದು ಗಂಟು ಹಾಕಿದ. ಇಡೀ ತಾಲೂಕಿನ ಅಳತೆಗಳಲ್ಲಿ ತಪ್ಪು ಹುಡುಕುತ್ತಿದ್ದ ನಾನು ಗಂಟು ಬಿಗಿಯಾಗಿದೆಯೇ ಎಂದು ಪರೀಕ್ಷಿಸಿದೆ. ಬಿಗಿಯಾಗಿತ್ತು.

ಇಲ್ಲಿ ನನಗೊಂದು ಸಂಶಯವಿದೆ. ಮಾವನವರು "ಇರ್ಲಿ, ಕುಂದ್ರಿ" ಎಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಮಗಳು ಹೋಗಬಾರದೆಂದೇ ಸುಮ್ಮನಿದ್ದರೆಂದು ಬಹಳ ವರ್ಷ ಎಣಿಸಿದ್ದೆ. ಅಪ್ಪ ಹೇಳಿದರು, ನಿಮಗೇ ಕೇಳಿಸಲಿಲ್ಲ ಎನ್ನುತ್ತಾಳೆ ಹೆಂಡತಿ. ಈ ಸಲ ಅವಳು ಅಲ್ಲೇ ಇದ್ದಳು. ತಿದಿಯ ಸದ್ದು ಜೋರಾಗಿತ್ತೆಂಬುದೂ ನಿಜ. ಡೈರಿಯಲ್ಲಿ ಇದರ ಬಗ್ಗೆ ಏನೂ ಇಲ್ಲ.

ಹೊತ್ತು ಮುಳುಗುವ ಮೊದಲು ಹ್ಯಾಂಡಲ್ ಸಿದ್ಧವಾಯಿತು. ಕ್ಲಚ್ಚಿನ ತಂತಿ ಎಳೆದರೆ ಮುಟ್ಟಿತು. ಪೆಟ್ರೋಲಿನದೂ ಮುಟ್ಟಿತು. ಮುಂದಿನ ಬ್ರೇಕಿನ ತಂತಿ ಒಂದು ಗೇಣು ಸಾಲಲಿಲ್ಲ.

"ತಂತಿ ಗಿಡ್ಡ ಆಗ್ಯಾದ್ರಿ," ಎಂದ ಕಂಬಾರ.

ನಾನು ಒಪ್ಪಿದೆ. ಬಿದ್ದಾಗ ತಂತಿ ಗಿಡ್ಡವಾಗುವ ಕಾರಣವೊಂದನ್ನೂ ಯೋಚಿಸಿಕೊಂಡೆ. ಕಾಲಿನ ಬ್ರೇಕು ಇತ್ತು.

ಮರುದಿನ ಬೆಳಕು ಹರಿಯುವಾಗ ಹೊರಟೆವು. ಓಣಿಯುದ್ದಕ್ಕೂ ಗಾಡಿಯನ್ನು ತಳ್ಳಿದೆ, ಹೆಂಡತಿ ಹಿಂದೆ ನಡೆದಳು. ಮಾವನವರು ಊರ ಅಗಸಿಬಾಗಿಲವರೆಗೆ ಬಂದು ತಿರುಗಿದರು. ಊರು ಮರೆಯಾದ ಮೇಲೆ ಗಾಡಿಯ ಮೇಲೆ ಕೂತೆ. ಹ್ಯಾಂಡಲ್ ನನ್ನ ಹೆಗಲಿನ ಮಟ್ಟಕ್ಕಿತ್ತು.

ಹಿಂದಿನ ಕ್ಯಾರಿಯರಿನ ಮೇಲೆ ಹೆಂಡತಿ ಕೂತಳು. "ಯಾರಿಗಿ ಕೈ ಎತ್ತೀರಿ?" ಎಂದು ಕೇಳಿದಳು.

ಅರ್ಧ ಮೈಲಿಯಲ್ಲಿ ತೋಳುಗಳಲ್ಲಿ ಶಕ್ತಿ ಉಳಿಯಲಿಲ್ಲ. ಗಾಡಿ ತಾನೇ ಒಂದು ತೊಗರಿ ಹೊಲ ನೋಡಿಕೊಂಡು ಇಳಿಯಿತು. ಇಬ್ಬರಿಗೂ ಪೆಟ್ಟಾಗಲಿಲ್ಲ. ಹಿಂದಿರುಗಿ ಮತ್ತೆ ಕಾಸಿ ಬಗ್ಗಿಸಿದರೆ ಹತ್ತು ಗಂಟೆ ತಪ್ಪುತ್ತದೆ. ಇದು ಇಬ್ಬರಿಗೂ ಗೊತ್ತಿತ್ತು. ಹೆಂಡತಿ ಸೀರೆ ಕೊಡವಿಕೊಂಡು ಹ್ಯಾಂಡಲನ್ನೂ ನನ್ನನ್ನೂ ಒಮ್ಮೆ ನೋಡಿದಳು.

"ನಿಂತು ಅಳತಿ ಕೊಟ್ಟೀರಿ. ನಿಂತೇ ಹೊಡೀರಿ."

ಪಾದ ಇಡುವ ಕಡ್ಡಿಗಳ ಮೇಲೆ ಎದ್ದು ನಿಂತೆ. ಎಲ್ಲವೂ ಸರಿಯಾಗಿತ್ತು. ಮೊಣಕೈ ಮಡಚಿದಲ್ಲಿಗೇ ಹಿಡಿ ಬರುತ್ತಿತ್ತು. ಕಂಬಾರನ ಅಳತೆಯಲ್ಲಿ ಏನೂ ತಪ್ಪಿರಲಿಲ್ಲ.

ಇಪ್ಪತ್ತು ಮೈಲಿಗೂ ಹೆಚ್ಚು ದಾರಿಯನ್ನು ಹಾಗೆ ನಿಂತುಕೊಂಡೇ ಬಂದೆ. ಹೊಲದಲ್ಲಿದ್ದ ಕೆಲವರು ಯಾರೋ ದೊಡ್ಡ ಅಧಿಕಾರಿ ಎಂದು ಸಲಾಂ ಮಾಡಿದರು. ಕೈ ಬಿಡುವಂತಿರಲಿಲ್ಲ, ತಲೆ ಅಲ್ಲಾಡಿಸಿದೆ. ಜಾಲಿ ಕಟ್ಟಿಗೆ ಇಂಜಿನ್ನಿನ ನಡುಕವನ್ನು ಸ್ವಲ್ಪವೂ ತಡೆಯದೆ ಪೂರ್ತಿ ನನಗೇ ಕೊಟ್ಟಿತು. ಕಲಬುರಗಿಯ ಕೋಟೆ ಕಾಣುವ ಹೊತ್ತಿಗೆ ನನ್ನ ಬೆರಳುಗಳು ಎಲ್ಲಿವೆಯೆಂದು ತಿಳಿಯಲು ಅವುಗಳನ್ನು ನೋಡಬೇಕಾಗಿತ್ತು.

ಶಾಲೆ ಮುಟ್ಟಿದಾಗ ಹತ್ತಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಮುಖ್ಯೋಪಾಧ್ಯಾಯಿನಿಯನ್ನು ಎಲ್ಲರೂ ದೊಡ್ಡ ಬಾಯರು ಎನ್ನುತ್ತಿದ್ದರು. ಅವರು ಹೆಂಡತಿಯ ಕಾಗದಗಳನ್ನು ನೋಡಿ ತೆಗೆದಿಟ್ಟರು. ಆಮೇಲೆ ನನ್ನ ಮುಂದೆ ಒಂದು ಹಾಳೆ ಇಟ್ಟರು. ಹೆಂಡತಿಯ ನೌಕರಿಗೆ ಗಂಡನ ಒಪ್ಪಿಗೆ ಬೇಕಂತೆ, ಗಂಡನೇ ಬರೆದು ದಸ್ತಖತು ಹಾಕಬೇಕಂತೆ. ನಾನು ಬರೆದೆ. ಬಾಯರು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅದರ ಮೇಲೆ ಇರುವೆಗಳು ಜಗಳವಾಡಿದಂತಿತ್ತು.

"ಇದು ರಾಜಿ ಖುಷೀಲೆ ಬರದದ್ದೋ, ಯಾರಾದ್ರೂ ಜುಲುಮೀಲೆ ಬರಸ್ಯಾರೋ?"

"ಕೈ ಜುಮ್ ಹಿಡದಾವ್ರಿ," ಎಂದಳು ಹೆಂಡತಿ. "ಕಮಲಾಪುರದಿಂದ ನಿಂತು ಬಂದಾರ."

"ನಿಂತು? ಕೂಡಾಕ ಜಾಗಾ ಇರ್ಲಿಲ್ಲೇನು?"

"ಜಾಗಾ ಇತ್ರಿ," ಎಂದೆ.

ಬಾಯರು ಹಾಳೆಯನ್ನು ಕೆಳಗಿಟ್ಟರು. "ಇದನ್ನ ಮ್ಯಾಲಿನವರಿಗಿ ಹ್ಯಾಂಗ ಕಳಸ್ಲಿ? ಒಪ್ಪಿಗಿ ಇಲ್ಲ ಅಂತಾರ," ಎಂದು ಇನ್ನೊಂದು ಹಾಳೆ ಕೊಟ್ಟರು. ಶಾಲೆಯ ಶಿಪಾಯಿ ಹತ್ತರ ಗಂಟೆ ಹೊಡೆಯಲು ಹೊರಟಿದ್ದ. ಎರಡನೆಯ ಸಲ ಮೊದಲ ಅಕ್ಷರವೇ ಹಾಳೆಯ ಅಂಚಿನಿಂದ ಆಚೆ ಹೋಯಿತು.

ಆಗ ಹೆಂಡತಿ ಮುಂದೆ ಬಂದು ನನ್ನ ಮಣಿಕಟ್ಟು ಹಿಡಿದಳು. ಮದುವೆಯಾದ ಮೇಲೆ ಪರರೆದುರು ಅವಳು ನನ್ನ ಕೈ ಮುಟ್ಟಿದ್ದು ಅದೇ ಮೊದಲು. ಬಾಯರು ಮೇಜಿನ ಮೇಲಿನ ಮಸಿಕುಡಿಕೆಯನ್ನು ಸರಿಪಡಿಸತೊಡಗಿದರು. ಅಕ್ಷರಗಳು ಸಾಲಾಗಿ ಬಂದವು. ನನ್ನ ಕೈ ಎಷ್ಟು ಬರೆಯಿತು, ಅವಳದು ಎಷ್ಟು ಬರೆಯಿತು ಎಂದು ಹೇಳಲಾರೆ. ಆ ಒಪ್ಪಿಗೆ ಕಾನೂನಿನ ಪ್ರಕಾರ ಯಾರದೆಂದು ಈಗಲೂ ಒಮ್ಮೊಮ್ಮೆ ಯೋಚಿಸುತ್ತೇನೆ.

"ಈಗ ಛಲೋ ಬಂತು," ಎಂದರು ಬಾಯರು. "ಎರಡನೇ ಜಮಾತಿಗಿ ಹೋಗ್ರಿ, ಹುಡುಗೀರು ಕುಂತಾರ."

ಬಾಗಿಲಲ್ಲಿ ಅವಳು ಒಮ್ಮೆ ತಿರುಗಿ ನೋಡಿದಳು ಎಂದು ಬರೆಯಲು ಮನಸ್ಸಾಗುತ್ತದೆ. ನೋಡಲಿಲ್ಲ. ಗಂಟೆ ಹೊಡೆಯುತ್ತಿತ್ತು, ಅವಳು ಹೆಚ್ಚುಕಡಿಮೆ ಓಡುತ್ತಿದ್ದಳು.