ಟೊಂಗೆಯ ಮೇಲಿನ ಮೂರು ಕಲ್ಲು

ಹಸಿ ಕಂಬಳಿಯ ವಾಸನೆ ಗೊತ್ತಿದ್ದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ, ಗೊತ್ತಿಲ್ಲದವರಿಗೆ ಎಷ್ಟು ಹೇಳಿದರೂ ಮೂಗು ಮುರಿಯುತ್ತಾರೆ. ಕುರಿಯ ಮೈಜಿಡ್ಡು, ನೇಯುವಾಗ ಹಚ್ಚಿದ ಹುಣಸೆಬೀಜದ ಗಂಜಿ, ಒಲೆಯ ಹೊಗೆ, ಮಳೆಗೆ ನೆನೆದ ಮಣ್ಣು, ಎಲ್ಲ ಕೂಡಿದ ಬೆಚ್ಚನೆಯ ವಾಸನೆ ಅದು. ಮೊನ್ನೆ ಮೊದಲ ಮಳೆಯ ದಿನ ಬಸ್ಸಿನಲ್ಲಿ ನನ್ನ ಪಕ್ಕ ಬಂದು ಕೂತ ಮುದುಕನೊಬ್ಬನ ಹೆಗಲಿನಿಂದ ಅದು ಎದ್ದು ಬಂತು. ಮುಂದಿನ ಸೀಟಿನ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಅವಳ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹದಿಮೂರು ವರ್ಷದವಳಿದ್ದಾಗ ನಾನೂ ಅದನ್ನೇ ಮಾಡಿದವಳು. ಇಳಿಯುವ ಸ್ಟಾಪು ದಾಟಿಹೋದರೂ ನಾನು ಮುದುಕನ ಪಕ್ಕದಿಂದ ಏಳಲಿಲ್ಲ.

ನಮ್ಮ ಮನೆ ಎಂದರೆ ನಾಲ್ಕು ಗೋಡೆ ಎಂದುಕೊಳ್ಳಬೇಡಿ. ಅಲಖನೂರಿನಲ್ಲಿ ಒಂದು ಖೋಲಿ ಇತ್ತು, ನಿಜ. ಅಲ್ಲಿ ಸೋದರತ್ತೆಯ ಜೊತೆ ಇದ್ದುಕೊಂಡೇ ನಾನು ಏಳನೇ ಇಯತ್ತೆಯವರೆಗೆ ಕಲಿತೆ. ಆದರೆ ಮನೆ ಎಂದರೆ ನನ್ನ ಕಣ್ಣಿಗೆ ಬರುವುದು ಯಾರದೋ ಹೊಲದಲ್ಲಿ ಬೀಡುಬಿಟ್ಟ ಕುರಿಹಿಂಡು, ಅದರ ಮಗ್ಗುಲಿಗೆ ಉರಿಯುವ ಒಲೆ, ಗಡಿಗೆ ಹೊರುವ ಮುದಿ ಕುದುರೆ, ಎರಡು ನಾಯಿ, ಅಪ್ಪ, ಅವ್ವ, ಮತ್ತು ಇವರೆಲ್ಲರ ಮೇಲೆ ದರಬಾರು ನಡೆಸುವ ನನ್ನ ಅಜ್ಜಿ. ಅವಳನ್ನು ನಾವು ಆಯಿ ಎನ್ನುತ್ತಿದ್ದೆವು. ಗೊಬ್ಬರದ ಆಸೆಗೆ ರೈತರು ತಾವಾಗಿಯೇ ಬಂದು, ನಮ್ಮ ಹೊಲದಲ್ಲಿ ಕುರಿ ಕೂಡಿಸಿರೆಂದು ಕರೆದು ಜೋಳ ಕೊಡುತ್ತಿದ್ದರು. ಅಪ್ಪ ಸಂತೆಗೆ ಹೋಗಿ ಹಿಂದುಳಿದರೆ, ದಾರಿ ಕವಲೊಡೆಯುವಲ್ಲಿ ಆಯಿ ಒಂದು ಬೇವಿನ ಟೊಂಗೆ ಇಡುತ್ತಿದ್ದಳು. ಟೊಂಗೆಯ ತುದಿ ಹಿಂಡು ಹೋದ ದಿಕ್ಕಿಗೆ. ಬುಡದ ಮೇಲೆ ಕಲ್ಲು, ಅಲ್ಲಿ ಎಷ್ಟು ರಾತ್ರಿ ತಂಗುವುದೋ ಅಷ್ಟು. ನಮ್ಮದೇ ಎಂದು ತಿಳಿಯಲು ಕರಿ ಉಣ್ಣೆಯ ಒಂದು ಎಳೆ ಹೊಸೆದು ಕಟ್ಟುತ್ತಿದ್ದಳು. ಅಕ್ಷರ ಕಲಿಯುವ ಮೊದಲೇ ನಾನು ಅದನ್ನು ಓದಲು ಕಲಿತಿದ್ದೆ.

ಎಂಬತ್ತರ ದಶಕದ ನಡುವಿನ ಮಾತು ಇದು. ಎಂಟನೇ ಇಯತ್ತೆಗೆ ನನ್ನನ್ನು ಚಿಕ್ಕೋಡಿಯ ಹೆಣ್ಣುಮಕ್ಕಳ ಶಾಲೆಗೆ ಹಾಕಿ ಹಾಸ್ಟೆಲಿನಲ್ಲಿ ಬಿಡುತ್ತೇನೆಂದು ಅಪ್ಪ ಹಟ ಹಿಡಿದ. ಆಯಿ ಅಷ್ಟೇ ಹಟದಿಂದ ಬೇಡವೆಂದಳು. ಹಿಂಡು ಆಗ ನಿಪ್ಪಾಣಿಯ ಕಡೆ ಇತ್ತು. ಮಳೆ ಜೋರಾಗುವ ಮುಂಚೆ ಚಿಕ್ಕೋಡಿಯ ಮೇಲೆ ಹಾದು, ಅಥಣಿ ಕಡೆಯ ಒಣಭೂಮಿಗೆ ಹೋಗುವುದು ನಮ್ಮ ಪದ್ಧತಿ. ಕೊನೆಗೆ ಆಯಿಯೇ ಒಂದು ತೀರ್ಮಾನ ಹೇಳಿದಳು. "ಎಂಟ ದಿನ ಇದ್ದ ನೋಡವಾ. ನಾವು ಬಂದಾಗ ಸಾಲಿ ಗೇಟಿನ ಮುಂದ ಟೊಂಗಿ ಇಟ್ಟ ಹೋಗ್ತೀನಿ. ಸಾಲಿ ಮನಸ್ಸಿಗಿ ಸೇರಲಿಲ್ಲಂದ್ರ ಬಾ, ನಮ್ಮ ಕೂಡ ನಡಿ. ಸೇರ್ತಂದ್ರ ಬರಬ್ಯಾಡ." ಅಪ್ಪನೂ ಒಪ್ಪಿದ. "ಆತು, ಆಕಿ ಹೆಂಗಂತಾಳ ಹಂಗ. ನಾ ನಡುವ ಬಾಯಿ ಹಾಕೂದಿಲ್ಲ."

ಶಾಲೆಯಲ್ಲಿ ಹೊಸಬರಿಗೆ ಮೊದಲ ವಾರ ಪಾಠವಿರಲಿಲ್ಲ; ಎಲ್ಲಿ ಕೂರಬೇಕು, ಯಾವ ಗಂಟೆಗೆ ಏಳಬೇಕು, ತಾಟು ಎಲ್ಲಿ ತೊಳೆಯಬೇಕು ಎಂದು ಕಲಿಸುವುದರಲ್ಲೇ ಅದು ಕಳೆಯುತ್ತಿತ್ತು. ಕಂಡರೆ ಅಳುತ್ತಾರೆಂದು ಮನೆಯವರನ್ನು ಆ ವಾರ ಒಳಗೆ ಬಿಡುತ್ತಿರಲಿಲ್ಲ. ಸೋಮವಾರ ಕ್ಲಾಸಿನ ಅಕ್ಕೋರು ಒಬ್ಬೊಬ್ಬರನ್ನೇ ನಿಲ್ಲಿಸಿ ಹೆಸರು, ಊರು, ಅಪ್ಪನ ಉದ್ಯೋಗ ಕೇಳಿದರು. ನನ್ನ ಪಕ್ಕದ ಶಾಂತಾ ಅಥಣಿ ಕಡೆಯವಳು, ದ್ರಾಕ್ಷಿ ತೋಟದವರ ಮಗಳು. ಅವಳು ಹೇಳಿ ಕೂತ ಕೂಡಲೇ ನಾನು ಎದ್ದು, "ಹಾರೂಗೇರಿ ಹತ್ರ ನಮ್ಮ ಕಬ್ಬಿನ ಹೊಲ ಐತ್ರಿ" ಎಂದುಬಿಟ್ಟೆ. ಪೂರ್ತಿ ಸುಳ್ಳೇನಲ್ಲ, ಕಬ್ಬು ನೆಡುವ ಮುಂಚೆ ಆ ಹೊಲದಲ್ಲಿ ನಮ್ಮ ಕುರಿ ಕೂತಿದ್ದವು. ಶಾಂತಾ ಅಂದಿನಿಂದ ನನ್ನ ಗೆಳತಿಯಾದಳು, ಒಣದ್ರಾಕ್ಷಿ ಕೊಟ್ಟಳು, ನಿಮ್ಮ ಗಾಣ ಯಾವಾಗ ಚಾಲೂ ಆಗುತ್ತದೆಂದು ಕೇಳಿದಳು. ನಾನು ಅದಕ್ಕೂ ಒಂದು ತಿಂಗಳ ಹೆಸರು ಹೇಳಿದೆ. ಆಯಿ ಕೊಟ್ಟ ಕಂಬಳಿಯನ್ನು ಟ್ರಂಕಿನ ತಳಕ್ಕೆ ತುರುಕಿ, ಶಾಂತಾಳ ಚಾದರಿನ ಅರ್ಧ ಹೊದ್ದು ಮಲಗಿದೆ. ಆದರೂ ಆ ಶಾಲೆ ನನಗೆ ಒಂದು ಚೂರೂ ಸೇರಲಿಲ್ಲ. ಗಂಟೆ ಬಾರಿಸಿದಾಗೆಲ್ಲ ಬೆಚ್ಚುತ್ತಿದ್ದೆ, ತಾಟಿನ ಅನ್ನ ಅರ್ಧಕ್ಕೇ ಬಿಡುತ್ತಿದ್ದೆ. ಟೊಂಗೆ ಕಂಡ ದಿನವೇ ಹೊರಟುಬಿಡುವುದೆಂದು ಮೊದಲ ದಿನವೇ ಗಟ್ಟಿ ಮಾಡಿಕೊಂಡಿದ್ದೆ.

ಶನಿವಾರ ಮುಂಜಾನೆ ಹೊಸಬರೆಲ್ಲ ಸೇರಿ ಅಂಗಳದಿಂದ ಗೇಟಿನವರೆಗೆ ಕಸ ಹೊಡೆಯಬೇಕಿತ್ತು. ನಾವು ಪ್ರಾರ್ಥನೆಗೆ ನಿಂತ ಹೊತ್ತಿನಲ್ಲಿ ಹಿಂಡು ಹಾದುಹೋಗಿರಬೇಕು, ರಸ್ತೆಯ ತುಂಬ ಹಿಕ್ಕೆ ಬಿದ್ದಿತ್ತು. ನಾನು ಗೇಟು ಮುಟ್ಟುವಷ್ಟರಲ್ಲಿ ಮುಂದಿದ್ದ ಹುಡುಗಿಯರು ಗುಂಪುಗೂಡಿ ಕಿರುಚುತ್ತಿದ್ದರು. "ಯವ್ವಾ, ಯಾರೋ ಮಾಟ ಮಾಡ್ಸ್ಯಾರ! ಕರಿ ದಾರ ನೋಡ್ರಿ!" ಬೇವಿನ ಟೊಂಗೆ, ಕರಿ ಉಣ್ಣೆ, ಮೂರು ಕಲ್ಲು. ಒಬ್ಬಳು ಬಾರಿಗೆಯಿಂದ ತಿವಿದಿದ್ದಳು, ಟೊಂಗೆ ತಿರುಗಿ ಅಡ್ಡ ಬಿದ್ದಿತ್ತು. ಶಾಂತಾ ಬಗ್ಗಿ ನೋಡಿ ನಕ್ಕಳು. "ಮಾಟ ಅಲ್ಲ ಬಿಡ್ರೆ, ಕುರಿಯವರ ಕೆಲಸ ಇದು. ನಮ್ಮ ಹೊಲಕ್ಕೂ ಬರ್ತಾರ, ಹತ್ರ ಬಂದ್ರ ಗಬ್ಬ ನಾರ್ತಾರ." ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮ ಹೊಲಕ್ಕೂ ಬಂದಿರಬೇಕಲ್ಲ, ಇದರ ಅರ್ಥ ಏನ ಹೇಳ" ಎಂದಳು. ಅವಳ ದನಿಯಲ್ಲಿ ಕುಹಕವಿರಲಿಲ್ಲ. "ನನಗೇನ ಗೊತ್ತ?" ಎಂದು ಟೊಂಗೆ ಎತ್ತಿ ಗಟಾರಕ್ಕೆ ಎಸೆದೆ. ಕಲ್ಲುಗಳನ್ನೂ ಒಂದೊಂದಾಗಿ ಎಸೆದೆ. ಮುಟ್ಟಲು ಹೆದರದ ನನ್ನನ್ನು ಕಂಡು ಹುಡುಗಿಯರು ಚಪ್ಪಾಳೆ ಹೊಡೆದರು.

ಸಂಜೆ ಮಳೆ ಬಂತು, ಹಿಕ್ಕೆ, ಹೆಜ್ಜೆ ಎಲ್ಲ ತೊಳೆದುಹೋಯಿತು. ಭಾನುವಾರ ಮಧ್ಯಾಹ್ನ ಎರಡು ತಾಸು ಬಿಟ್ಟರು. ಗೇಟಿನಿಂದಾಚೆ ದಾರಿ ಎರಡು, ಒಂದು ರಾಯಬಾಗಕ್ಕೆ, ಒಂದು ಯಡೂರಿನ ಹೊಳೆಯ ಕಡೆಗೆ. ಟೊಂಗೆಯ ತುದಿ ಮೊದಲು ಯಾವ ಕಡೆಗಿತ್ತೋ ನಾನು ನೋಡಿರಲಿಲ್ಲ. ಬೇಸಿಗೆಯಲ್ಲಿ ಹೊಳೆಸಾಲಿಗೆ ಹೋಗುತ್ತಿದ್ದದ್ದು ನೆನಪಾಗಿ ಯಡೂರಿನ ದಾರಿ ಹಿಡಿದು, ಕಾಲು ಸೋಲುವವರೆಗೆ ನಡೆದು, ಒಂದು ಕುರಿಯನ್ನೂ ಕಾಣದೆ ತಿರುಗಿದೆ. ಸೋಮವಾರ ಹೊರಗೆ ಬಿಡಲಿಲ್ಲ. ಮಂಗಳವಾರ ಪಾಠ ಶುರುವಾದಾಗ, ಮೂರು ರಾತ್ರಿ ಮುಗಿದವು, ಹೋಗಿಬಿಟ್ಟರು ಎಂದು ಗೊತ್ತಾಗಿ ಪುಸ್ತಕದಲ್ಲಿ ಮುಖ ಹುದುಗಿಸಿದೆ. ಹೊಟ್ಟೆನೋವೇ ಎಂದು ಶಾಂತಾ ಕೇಳಿದಳು, ಹೌದೆಂದೆ.

ದೀಪಾವಳಿಗೆ ಕರೆದೊಯ್ಯಲು ಅಪ್ಪ ಒಬ್ಬನೇ ಬಂದ. ಶ್ರಾವಣದಲ್ಲಿ ಜ್ವರ ಬಂದು ಆಯಿ ತೀರಿಕೊಂಡಳೆಂದು ಬಸ್‌ಸ್ಟ್ಯಾಂಡಿನಲ್ಲಿ ಹೇಳಿದ. ನನ್ನ ಅಭ್ಯಾಸ ಕೆಡುತ್ತದೆಂದು ತಿಳಿಸಿರಲಿಲ್ಲವಂತೆ. ಆ ಮೂರು ರಾತ್ರಿ ಅವರು ಇಳಿದುಕೊಂಡಿದ್ದು ರಾಯಬಾಗದ ದಾರಿಯಲ್ಲಿ, ಶಾಲೆಯ ಗಂಟೆ ಕೇಳುವಷ್ಟು ಹತ್ತಿರ. "ಗಂಟಿ ಬಾರಿಸಿದಾಗೊಮ್ಮೆ ಎದ್ದ ನಿಂತ ದಾರಿ ನೋಡ್ತಿದ್ಲು" ಎಂದ ಅಪ್ಪ. "ಜಾಗಾ ಬಿಟ್ಟ ಹೊಂಡೂ ಮುಂಜಾನಿ ಕಣ್ಣ ಒರಸ್ಕೊಂಡ, ಹುಡುಗಿಗಿ ಸಾಲಿ ಸೇರೇತಿ ತಗೋ ಅಂದ್ಲು. ಆಮ್ಯಾಲ ಹೋದ ಹೋದ ಊರಾಗೆಲ್ಲ ಅದನ್ನ ಹೇಳಿದ್ದಽ ಹೇಳಿದ್ದು, ನನ್ನ ಮೊಮ್ಮಗಳು ಸಾಲಿ ಬಿಟ್ಟ ಬರಲಿಲ್ಲ ಅಂತ."

ಎರಡೇ ವರ್ಷಕ್ಕೆ ಅಪ್ಪ ಹಿಂಡು ಮಾರಿದ. ಖಾಲಿ ಬಿದ್ದ ಹೊಲವೆಲ್ಲ ಕಬ್ಬಾಗಿ ಕುರಿ ಕೂಡಿಸಲು ಜಾಗವೇ ಉಳಿದಿರಲಿಲ್ಲ. ನಾನು ಕಲಿತು ನರ್ಸಾದೆ. ನೆಂಟರ ಮನೆಯ ಮದುವೆ ಸಮಾರಂಭಗಳಲ್ಲಿ, ಶಾಲೆ ಬಿಟ್ಟು ಬರದ ನನ್ನ ಹಟದ ಕಥೆಯನ್ನು ಮಕ್ಕಳಿಗೆ ಮಾದರಿಯಾಗಿ ಹೇಳುತ್ತಿದ್ದರು, ನಾನು ತಲೆತಗ್ಗಿಸಿ ಊಟ ಮಾಡುತ್ತಿದ್ದೆ. ಅದನ್ನು ವಿನಯ ಎಂದುಕೊಂಡರು. ಅಪ್ಪ ಹಾಸಿಗೆ ಹಿಡಿದ ಮೇಲೆ ಒಂದು ದಿನ ತಡೆಯಲಾಗದೆ ಅವನೆದುರು ಎಲ್ಲ ಒದರಿಬಿಟ್ಟೆ. "ಟೊಂಗಿ ಒಗದಾಕಿ ನೀನಽ ಅಂತ ಗೊತ್ತಿರಲಿಲ್ಲ" ಎಂದ ಅಪ್ಪ. "ರವಿವಾರ ಮುಂಜಾನಿ ಇಟ್ಟಿದ್ದು ಐತೋ ಇಲ್ಲೋ ನೋಡಾಕ ನಾ ಗೇಟಿಗಿ ಬಂದಿದ್ದೆ. ಟೊಂಗಿ ಗಟಾರದಾಗ ಬಿದ್ದಿತ್ತು. ಮತ್ತ ಇಟ್ಟಿದ್ರ ನೀ ಬಂದಬಿಡ್ತಿದ್ದಿ. ಹಂಗಽ ಬಿಟ್ಟ ಹೋದೆ. ನಿಮ್ಮ ಆಯಿಗಿ ಹೇಳಲಿಲ್ಲ."

ನಾನು ಅವನ ಕೈ ಹಿಡಿದುಕೊಂಡು ಕೂತೆ. ತಪ್ಪು ಯಾರದೆಂದು ಇಬ್ಬರೂ ಕೇಳಿಕೊಳ್ಳಲಿಲ್ಲ. ನಾನು ಆ ಶಾಲೆಯಲ್ಲಿ ಉಳಿಯಬೇಕೆಂದು ಅಪ್ಪನಿಗಿತ್ತು, ಗೆಳತಿಯ ಎದುರು ಮಾನ ಉಳಿಯಬೇಕೆಂದು ನನಗಿತ್ತು, ಎರಡೂ ಉಳಿದವು. ಹುಡುಗಿ ಏನು ಹೇಳುತ್ತಾಳೆಂದು ಆ ಮೂರು ದಿನ ನಿಜವಾಗಿ ಕಾದವಳು ಆಯಿ ಒಬ್ಬಳೇ.